ಸೀರೆ ಒಣಹಾಕಿದ್ದ ಮಹಡಿ

ಉಳಿದುಕೊಳ್ಳುವ ಜಾಗವನ್ನು ಫೋನಿನ ಮೇಲೆ ಬೆರಳಾಡಿಸಿ ಹುಡುಕುವ ಕಾಲ ಇನ್ನೂ ಬಂದಿರಲಿಲ್ಲ. ನಮ್ಮ ಮಧುವನಹಳ್ಳಿಯವರಿಗೆ ಆಗ ಬೆಂಗಳೂರೆಂದರೆ ಬೆಳಗ್ಗೆ ಹೋಗಿ ಸಂಜೆ ಬಸ್ಸಿಗೆ ವಾಪಸಾಗುವ ಊರು. ಅಲ್ಲಿ ದುಡ್ಡು ಕೊಟ್ಟು ಮಲಗಿ ಬಂದವರು ನಮ್ಮ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ನನಗೆ ಹತ್ತು ವರ್ಷವಿದ್ದಾಗ ಅಕ್ಕನಿಗೆ ಡಿ.ಎಡ್. ಸೀಟಿನ ಕೌನ್ಸೆಲಿಂಗಿಗೆ ಕರೆ ಬಂತು. ಬೆಳಗ್ಗೆ ಎಂಟಕ್ಕೇ ಹಾಜರಿರಬೇಕು, ಹೆಸರು ಕೂಗಿದಾಗ ಇಲ್ಲದಿದ್ದರೆ ಸೀಟು ಮುಂದಿನವರ ಪಾಲು. ಕೊಳ್ಳೇಗಾಲದಿಂದ ಮೊದಲ ಬಸ್ಸು ಹಿಡಿದರೂ ಎಂಟಕ್ಕೆ ತಲುಪುವಂತಿರಲಿಲ್ಲ. ಹಿಂದಿನ ದಿನವೇ ಹೋಗಿ ಎಲ್ಲಾದರೂ ತಂಗಬೇಕಿತ್ತು.

ಅದೇ ವಾರ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿತ್ತು. ಜಿಟಿಜಿಟಿ ಮಳೆಯಂತೆ ಕೇಳುತ್ತಿದ್ದ ಸೊಪ್ಪು ಮೇಯುವ ಸದ್ದು ನಿಂತು, ಹುಳುಗಳು ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದವು. ಅವನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ತಿಂಗಳ ದುಡಿಮೆಯೆಲ್ಲ ಮಣ್ಣುಪಾಲು.

"ನಾನ್ ಬಂದ್ರೆ ಉಳ ಯಾರು ನೋಡ್ತಾರೆ? ನೀವೇ ಓಗ್ಬನ್ನಿ" ಎಂದ ಅಪ್ಪ. ಅವ್ವ, ಅಕ್ಕ ಹೊರಟರು. ನಾನು ಹಠ ಹಿಡಿದು ಅತ್ತು ಜೊತೆಗೆ ಸೇರಿಕೊಂಡೆ.

ನಮ್ಮ ಬೀದಿಯ ಕಂಡಕ್ಟರ್ ಸಿದ್ದಪ್ಪಣ್ಣನೇ ಅವ್ವನಿಗೆ ಬುದ್ಧಿ ಹೇಳಿ ಕಳಿಸಿದ್ದು. "ಬೋರ್ಡು, ಲೈಟು ನೋಡಿ ಮರುಳಾಗ್ಬ್ಯಾಡ ಕಣವ್ವ. ತಲೆ ಎತ್ತಿ ಮಹಡಿ ನೋಡು. ಸೀರೆ, ಮಕ್ಕಳ ಚಡ್ಡಿ ಒಣಗಾಕಿದ್ರೆ ಸಂಸಾರಸ್ತರು ಅವ್ರೆ ಅಂತ, ಒಳಿಕ್ಕೆ ಓಗು. ಬರೀ ಪ್ಯಾಂಟು, ಲುಂಗೀನೇ ಇದ್ರೆ ಅತ್ತಾಗೆ ತಿರುಗಿಯೂ ನೋಡ್ಬ್ಯಾಡ."

ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಹೊರಟು, ಮಧ್ಯಾಹ್ನ ಬೆಂಗಳೂರಿನಲ್ಲಿ ಇಳಿದೆವು. ಮೊದಲು ಹೊಕ್ಕ ಲಾಡ್ಜಿನ ಗುಮಾಸ್ತ ಪುಸ್ತಕದಿಂದ ಮುಖವನ್ನೇ ಎತ್ತಲಿಲ್ಲ. "ಜೊತೇಲಿ ಗಂಡಸರಿಲ್ಲದೆ ರೂಮ್ ಕೊಡಲ್ಲಮ್ಮ." ಎರಡನೆಯದರ ಬಾಡಿಗೆ ಕೇಳಿಯೇ ಅವ್ವ ಹಿಂದಕ್ಕೆ ಸರಿದಳು. ಮೂರನೆಯದರ ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವ್ವ ಅಕ್ಕನ ಕೈ ಬಿಗಿಹಿಡಿದು ಸರಸರನೆ ಕೆಳಗಿಳಿದಳು. ಬಿಸಿಲು ಇಳಿಯುತ್ತಿತ್ತು. ಅವ್ವ ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಆಮೇಲೆ ಮೂವರೂ ಆಕಾಶ ನೋಡಿಕೊಂಡೇ ನಡೆದೆವು. ಒಂದು ತಿರುವಿನಲ್ಲಿ ನಾನೇ ಕೂಗಿದೆ, "ಅವ್ವಾ, ಸೀರೆ!" ಹಳೇ ಕಟ್ಟಡದ ಮಹಡಿ ತುಂಬ ಸೀರೆ, ಲಂಗ, ಕೂಸಿನ ಬಟ್ಟೆ. ನನಗೋ ನಿಧಿ ಸಿಕ್ಕಷ್ಟು ಹೆಮ್ಮೆ.

ಅದು ಲಾಡ್ಜಾಗಿರಲಿಲ್ಲ. ಪಕ್ಕದ ದೊಡ್ಡಾಸ್ಪತ್ರೆಗೆ ಬಂದವರು ಇಳಿದುಕೊಳ್ಳುವ ಛತ್ರ. ಬಾಗಿಲಲ್ಲಿದ್ದ ಮುದುಕರು ಕೇಳಿದರು, "ಪೇಷೆಂಟ್ ಯಾರಮ್ಮ?"

ಅವ್ವ ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮಕ್ಕಳ ಮೇಲೆ ಕೆಟ್ಟ ಮಾತು ಆಡಿದರೆ ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂದು ಮನೆಯಲ್ಲಿ ನಮ್ಮನ್ನು ಹೆದರಿಸುತ್ತಿದ್ದವಳು ಅವಳು.

"ನಾನೇ ಸಾ" ಎಂದಳು. "ಒಟ್ಟೇಲಿ ಗೆಡ್ಡೆ ಅದೆ."

ಮುದುಕರು ಹೆಂಗಸರ ಹಜಾರದಲ್ಲಿ ಚಾಪೆ ತೋರಿಸಿದರು. ಡೆಟಾಲಿನ ವಾಸನೆ, ಬಿಸಿ ಗಂಜಿಯ ವಾಸನೆ. ಪಕ್ಕದ ಚಾಪೆಯಲ್ಲಿ ಉತ್ತರ ಕರ್ನಾಟಕದ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ಹದಿನೈದು ದಿನದಿಂದ ಅಲ್ಲೇ ಇದ್ದಳಂತೆ. ಅವ್ವನಿಗೆ ಏನಾಗಿದೆ ಎಂದು ಕೇಳಿ ತಿಳಿದು, ಹತ್ತಿರ ಸರಿದು ಕೈ ಹಿಡಿದುಕೊಂಡಳು.

"ಅಂಜಬ್ಯಾಡ್ರಿ ಅಕ್ಕಾ. ನಮ್ಮ ಯಜಮಾನ್ರಿಗೂ ಅದಾ ಐತಿ."

ಗಂಡನಿಗೆಂದು ತಂದಿದ್ದ ಕಿತ್ತಳೆಯನ್ನು ಸುಲಿದು ಅವ್ವನ ಕೈಗಿಟ್ಟಳು. "ಅವ್ರಿಗೆ ಇವತ್ತ ಏನೂ ಸೇರವಲ್ದು. ನೀವರ ತಿನ್ರಿ." ಅವ್ವ ತೊಳೆಗಳನ್ನು ಕೈಯಲ್ಲೇ ಹಿಡಿದುಕೊಂಡಳು, ಬಾಯಿಗಿಡಲಿಲ್ಲ. ನಾನು "ನಮ್ಮವ್ವಂಗೆ ಏನೂ..." ಎನ್ನುವಷ್ಟರಲ್ಲಿ ಅಕ್ಕ ನನ್ನ ತೊಡೆ ಚಿವುಟಿದಳು.

ದೀಪ ಹಚ್ಚುವ ಹೊತ್ತಿಗೆ ಆ ಹೆಂಗಸು ಚೀಲದಿಂದ ಅರಿಶಿನದ ಬಟ್ಟೆಯ ಗಂಟೊಂದನ್ನು ತೆಗೆದಳು. ಗಂಡನಿಗಾಗಿ ಮನೆದೇವರಿಗೆ ಕಟ್ಟಿದ್ದ ಮುಡುಪು. ಅದನ್ನು ಬಿಚ್ಚಿ, ಇನ್ನೊಂದು ನಾಣ್ಯ ಸೇರಿಸಿ, "ನಿಮ್ಮ ಹೆಸರೇನ್ರಿ ಅಕ್ಕಾ?" ಎಂದಳು.

"ಬ್ಯಾಡ ಕಣಮ್ಮ, ನನಗ್ಯಾಕೆ" ಎಂದಳು ಅವ್ವ.

"ಹಂಗನ್ನಬಾರ್ದು. ದೇವ್ರು ಇಬ್ರನ್ನೂ ಕಾಯಲಿ."

ಅವ್ವ ತನ್ನ ನಿಜವಾದ ಹೆಸರನ್ನೇ ಹೇಳಿದಳು. ಆ ಹೆಂಗಸು ಗಂಡನ ಹೆಸರು, ಅವ್ವನ ಹೆಸರು ಎರಡನ್ನೂ ಮನಸ್ಸಿನಲ್ಲೇ ಹೇಳಿಕೊಂಡು, ಕಣ್ಣುಮುಚ್ಚಿ ಗಂಟು ಬಿಗಿದಳು.

ಮರುದಿನ ಅಕ್ಕನಿಗೆ ಸೀಟು ಸಿಕ್ಕಿತು. ಅಕ್ಕ ಅಲ್ಲೇ ಅತ್ತಳು, ನಾನು ಕುಣಿದೆ. ಅವ್ವ ಮಾತ್ರ "ನಡೀರಿ, ಆಯಮ್ಮಂಗೆ ನಿಜ ಯೋಳ್ಬುಡ್ತೀನಿ" ಎಂದು ನಮ್ಮನ್ನು ಛತ್ರಕ್ಕೆ ಎಳೆದುಕೊಂಡು ಬಂದಳು. ಚಾಪೆ ಸುತ್ತಿಟ್ಟಿತ್ತು. ಯಜಮಾನರಿಗೆ ಜೋರಾಯಿತೆಂದು ಆ ಹೆಂಗಸು ಬೆಳಗ್ಗೆಯೇ ವಾರ್ಡಿಗೆ ಓಡಿದ್ದಳಂತೆ. ಆಸ್ಪತ್ರೆಯ ಕಾವಲಿನವನು ನಮ್ಮನ್ನು ಒಳಗೆ ಬಿಡಲಿಲ್ಲ. ಅವ್ವ ಗೇಟಿನ ಹತ್ತಿರ ಬಸ್ಸಿನ ಹೊತ್ತಿನವರೆಗೂ ನಿಂತಿದ್ದಳು. ಆಮೇಲೆ ಹೊರಟೆವು.

ಊರಲ್ಲಿ ಹುಳುಗಳೆಲ್ಲ ಗೂಡು ಕಟ್ಟಿದ್ದವು, ಅಪ್ಪ ಖುಷಿಯಾಗಿದ್ದ. ಮುಂದಿನ ಅಮಾವಾಸ್ಯೆಗೆ ಅವ್ವ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗಿ ಮುಡಿ ಕೊಟ್ಟು ಬಂದಳು. ಯಾವ ಹರಕೆಯೆಂದು ಅಪ್ಪ ಎಷ್ಟು ಕೇಳಿದರೂ ಹೇಳಲಿಲ್ಲ. ಅವಳ ಬೋಳುತಲೆ ನೋಡಿ ನಾನು ಮತ್ತು ಓರಗೆಯ ಮಕ್ಕಳು ನಕ್ಕಿದ್ದೆವು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಕ್ಕ ಈಗ ಯಳಂದೂರಿನಲ್ಲಿ ಮೇಷ್ಟ್ರಮ್ಮ. ನಾನು ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಫೋನಿನಲ್ಲೇ ರೂಮು ನೋಡುತ್ತೇನೆ. ಹೆಂಗಸರು ಬರೆದಿರುವ ಅಭಿಪ್ರಾಯ ಓದಿ, ಬಾಗಿಲಿಗೆ ಒಳಚಿಲಕ ಇದೆಯೇ ಎಂದು ಫೋಟೋದಲ್ಲಿ ಹುಡುಕಿ ಬುಕ್ ಮಾಡುತ್ತೇನೆ. ಭಯವಿಲ್ಲ, ಒಬ್ಬಳೇ ನಿಶ್ಚಿಂತೆಯಿಂದ ಮಲಗುತ್ತೇನೆ. ಪಕ್ಕದ ರೂಮಿನಲ್ಲಿ ಯಾರಿದ್ದಾರೆ, ಅವರಿಗೇನು ಕಷ್ಟ ಎಂದು ಒಮ್ಮೆಯೂ ತಿಳಿದದ್ದಿಲ್ಲ. ಈ ಸುಖ ಬೇಡವೆಂದು ನಾನು ಸುಳ್ಳು ಹೇಳಲಾರೆ.

ಅವ್ವ ಹೋಗಿ ಎರಡು ವರ್ಷವಾಯಿತು. ಕೊನೆಯವರೆಗೂ ಒಂದು ದಿನವೂ ಆಸ್ಪತ್ರೆ ಮೆಟ್ಟಿಲು ಹತ್ತಿದವಳಲ್ಲ. ಊರವರು ಅವಳ ಗಟ್ಟಿತನವನ್ನು ಹೊಗಳಿದರೆ ಅವಳ ಮುಖ ಬಾಡುತ್ತಿತ್ತು. ಒಮ್ಮೆ ನನ್ನೊಬ್ಬಳಿಗೆ ಮಾತ್ರ ಹೇಳಿದಳು, "ಈ ಆಯಸ್ಸು ಆಯಮ್ಮನ ಗಂಡನ ಪಾಲಿಂದು ಕಣವ್ವ. ನಾನು ನಡುವೆ ಓಗಿ ಕಿತ್ಕಂಡೆ."

ಅವನು ಉಳಿದನೋ ಇಲ್ಲವೋ, ಹುಡುಕಿ ತಿಳಿದುಕೊಂಡು ಬಂದು ಅವ್ವನಿಗೆ ಸಮಾಧಾನ ಹೇಳೋಣವೆಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಆದರೆ ಏನೆಂದು ಹುಡುಕಲಿ? ಆ ಹೆಂಗಸು ನಮ್ಮವ್ವನ ಹೆಸರು ಕೇಳಿ ದೇವರಿಗೆ ಒಪ್ಪಿಸಿದಳು. ಅವಳ ಹೆಸರನ್ನು ನಮ್ಮ ಮೂವರಲ್ಲಿ ಒಬ್ಬರೂ ಕೇಳಲಿಲ್ಲ.