ಡೇರಿಯ ಮಧುಶ್ರೀ ಮತ್ತು ಮೂರು ತಿಂಗಳ ಬಿಡುವು

ಮುಕ್ಕಾಲು ಗಂಟೆಯ ಥೆರಪಿಗೆ ಹೋಗಿ ಬರಲು ಐದು ಗಂಟೆ ಬಸ್ಸು. ಹೆಂಗಸರಿಗೆ ಬಸ್ ಚಾರ್ಜು ಇಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಥೆರಪಿ ಫೀಸು ಆರುನೂರು. ಅರ್ಧ ದಿನದ ಕೆಲಸ ಹೋಗುತ್ತದೆ, ಮಗು ಎರಡು ಸಲ ವಾಂತಿ ಮಾಡುತ್ತದೆ. ವಾರಕ್ಕೆರಡು ಬಾರಿ ಹೀಗೆ ಒಂದೂವರೆ ವರ್ಷ ಮೈಸೂರಿಗೆ ಓಡಾಡಿದ ಮಧುಶ್ರೀ ಮೂರು ತಿಂಗಳಿಂದ ಹೋಗುತ್ತಿಲ್ಲ.

ಬೆಳಗಿನ ಆರು ಗಂಟೆ. ಹೊಸ ಅಗ್ರಹಾರದ ಪಕ್ಕದ ಹಳ್ಳಿಯ ಡೇರಿಯಲ್ಲಿ ಅವರು ಹಾಲು ಪರೀಕ್ಷಿಸುತ್ತಿದ್ದಾರೆ. ದಿನಕ್ಕೆ ತೊಂಬತ್ತು ಮನೆಯ ಹಾಲು, ಅಷ್ಟೇ ಮನೆಯ ತಕರಾರು. ಅಂಕಯ್ಯನವರ ಹಾಲು ಇವತ್ತೂ ತೆಳ್ಳಗಿದೆ.

"ನಮ್ಮ ಅಸು ನೀರು ಜಾಸ್ತಿ ಕುಡೀತದೆ ಕಣವ್ವ, ಅದ್ಕೆ ನಾನೇನ್ ಮಾಡ್ಲಿ?"

"ನಾಳೆ ಅಸೂನೇ ಕರ್ಕೊಂಡ್ ಬನ್ನಿ ಮಾವ, ಕೇಳ್ತೀನಿ."

ಮಧುಶ್ರೀ ಮಗಳು ಭಾವನಾಗೆ ಏಳು ವರ್ಷ. ಆಟಿಸಂ ಇದೆ. ಥೆರಪಿ ಮಾಡುವ ರಮ್ಯಾ ಮೇಡಂ ಮಾತಿಗೊಂದು ಒಣದ್ರಾಕ್ಷಿ ಕೊಟ್ಟು ಹನ್ನೊಂದು ಮಾತು ಕಲಿಸಿದ್ದರು. ಬರಬರುತ್ತಾ ಥೆರಪಿಯ ದಿನ ಬಂತೆಂದರೆ ಭಾವನಾ ಕೈ ಕಚ್ಚಿಕೊಳ್ಳತೊಡಗಿದಳು, ಅಮ್ಮನ ಚಪ್ಪಲಿ ಬಚ್ಚಿಡತೊಡಗಿದಳು.

"ಒಂದ್ಸಲ ರಾಗಿ ಡ್ರಮ್ಮಲ್ಲಿ ಸಿಕ್ತು. ಇಷ್ಟು ಬುದ್ಧಿ ಓಡ್ಸಿ 'ಬರಲ್ಲ' ಅಂತಾವ್ಳೆ, ನಾನೇ ಕಿವುಡಿ ಆಗ್ಬುಟ್ಟಿದ್ದೆ" ಎನ್ನುತ್ತಾರೆ ಮಧುಶ್ರೀ.

ಸ್ವಲ್ಪ ದಿನ ನಿಲ್ಲಿಸೋಣವೆಂದು ರಮ್ಯಾ ಕೂಡ ಒಪ್ಪಿದರು. ಕಲಿತ ಮಾತು ಕೆಲವು ಮರೆಯಬಹುದು ಎಂದೂ ಹೇಳಿದರು. ಆ ಭಯಕ್ಕೆ ಮಧುಶ್ರೀ ಒಂದು ವಾರ ನಿದ್ದೆ ಮಾಡಲಿಲ್ಲ.

ಅತ್ತೆ ಕೆಂಪಾಜಮ್ಮ ಸುಮ್ಮನೆ ಕೂರಲಿಲ್ಲ. ಹುರಿಗಡಲೆ ಹಿಡಿದು ಮನೆಯಲ್ಲೇ ಥೆರಪಿ ಶುರುಮಾಡಿದರು. ಮಾತಾಡಿದರೆ ಒಂದು ಕಾಳು. ಆಡದಿದ್ದರೆ "ಆಡವ್ವ, ನನ್ ಚಿನ್ನ" ಎಂದು ಬೇಡಿಕೊಳ್ಳುತ್ತಾ ಒಂದು ಹಿಡಿ. ಎರಡೇ ದಿನಕ್ಕೆ ಮೊಮ್ಮಗಳು ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡಳು.

"ನಿಮ್ಗೇ ಟ್ರೈನಿಂಗ್ ಕೊಟ್ಬುಟ್ಳಲ್ಲ ಅತ್ತೆ!"

"ಕೊಡ್ಲಿ ಬುಡು. ಈ ಮನೇಲಿ ಒಬ್ರಾದ್ರೂ ಕಲೀತಾವ್ರಲ್ಲ."

ಈಗ ಬೆಳಗ್ಗೆ ಭಾವನಾ ಡೇರಿಯಲ್ಲೇ ಇರುತ್ತಾಳೆ. ಇಲ್ಲಿ ಸರದಿ ನಿಲ್ಲುವುದು ಜನರಲ್ಲ, ಕ್ಯಾನುಗಳು. ಜನ ಕ್ಯಾನಿಟ್ಟು ಜಗಲಿಯಲ್ಲಿ ಹರಟುತ್ತಾರೆ. ಆ ಹೊತ್ತಿನಲ್ಲಿ ಅಂಕಯ್ಯ ಕಾಲಿನಿಂದ ತಮ್ಮ ಕ್ಯಾನನ್ನು ಮೆಲ್ಲಗೆ ಮುಂದಕ್ಕೆ ತಳ್ಳುವುದು ಊರಿಗೇ ಗೊತ್ತು, ಹೇಳುವವರಿಲ್ಲ. ಕಳೆದ ವಾರ ಭಾವನಾ ಅದನ್ನು ಎಳೆದು ಮೊದಲಿದ್ದ ಜಾಗಕ್ಕೇ ಇಟ್ಟಳು. ಅವರು ಮತ್ತೆ ತಳ್ಳಿದರು.

"ಹಿಂದೆ" ಎಂದಳು ಭಾವನಾ.

ಯಾರೂ ಕಲಿಸಿರದ ಮಾತು.

"ಆಯ್ತು ಕಣವ್ವ, ಇಂದಕ್ಕೇ ಇಡ್ತೀನಿ" ಎಂದು ಅಂಕಯ್ಯ ಕ್ಯಾನು ಎತ್ತಿಕೊಂಡರು. "ಇಪ್ಪತ್ತು ವರ್ಷದಿಂದ ಡೇರಿ ಸೆಕ್ರೆಟ್ರಿ ಕೈಲೂ ಇದು ಆಗಿರ್ನಿಲ್ಲ."

ಮೂರು ತಿಂಗಳಲ್ಲಿ ಹನ್ನೊಂದು ಮಾತಿನಲ್ಲಿ ನಾಲ್ಕು ಹೋಗಿವೆ. ಅವುಗಳಲ್ಲಿ 'ಅಮ್ಮ'ವೂ ಒಂದು. ಹೊಸದಾಗಿ ಬಂದದ್ದು ಒಂದು. ಕೈಯ ಮೇಲಿನ ಕಚ್ಚಿದ ಗಾಯ ಮಾಯ್ದಿದೆ. ಮುಂದಿನ ತಿಂಗಳಿಂದ ಮತ್ತೆ ಮೈಸೂರು, ವಾರಕ್ಕೆ ಒಂದೇ ದಿನ.

"'ಅಮ್ಮ' ಹೋಗಿದ್ದು ಸಂಕಟವೇ ಕಣ್ರೀ" ಎನ್ನುತ್ತಾರೆ ಮಧುಶ್ರೀ. "ಆದ್ರೆ ಅದನ್ನ ಅನ್ನೋವಾಗ ಅವ್ಳು ದ್ರಾಕ್ಷಿ ನೋಡ್ತಿದ್ಲು. ಈಗ ಸುಮ್ನೆ ಬಂದು ನನ್ಗೆ ಒರಗಿ ಕೂತ್ಕತಾಳೆ."