ನಂಜನಗೂಡಿಗೂ ನರಸೀಪುರಕ್ಕೂ ಏನು ಸಂಬಂಧ?

ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲು ತೆಗೆದ ಕೂಡಲೇ ಸ್ಕೆಚ್ ಪೆನ್ನಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂತೆಂದರೆ ಯಾರೋ ತರಬೇತಿಗೆ ಹೋಗಿ ಬಂದಿದ್ದಾರೆಂದೇ ಅರ್ಥ. ಮೇಜಿನ ಮೇಲೆ ಚಾರ್ಟು, ಚಾರ್ಟಿನ ತುಂಬ ವೃತ್ತಗಳು, ವೃತ್ತದಿಂದ ವೃತ್ತಕ್ಕೆ ಬಾಣಗಳು. ನನ್ನದು ಅನುಮಾನದ ಸ್ವಭಾವ, ಮೊದಲೇ ಹೇಳಿಬಿಡುತ್ತೇನೆ. ಹಾಲಿಗೆ ನೀರು ಬೆರೆಸಿದ್ದಾರೋ ಎಂದು ಎಲ್ಲರೂ ನೋಡುತ್ತಾರೆ; ನಾನು ಬೆರೆಸದಿದ್ದರೆ ಯಾಕೆ ಬೆರೆಸಿಲ್ಲ ಎಂದು ಯೋಚಿಸುವವಳು. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ವರ್ಷಗಟ್ಟಲೆ ಪರೀಕ್ಷಾ ಕೊಠಡಿಯಲ್ಲಿ ಕಾವಲು ನಿಂತವಳಿಗೆ ನೀವಾದರೂ ಸ್ವಲ್ಪ ರಿಯಾಯಿತಿ ಕೊಡಬೇಕು.

ಈ ಬಾಣಗಳನ್ನು ನಾನು ಮೊದಲು ನೋಡಿದ್ದು ಟಿ. ನರಸೀಪುರದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದಾಗ. ವಿಜ್ಞಾನದ ಮಾದೇಶ ಮೇಷ್ಟ್ರು ತರಬೇತಿ ಮುಗಿಸಿ ಬಂದು, "ಇನ್ಮೇಲೆ ಮಕ್ಕಳು ಬಿಡಿಬಿಡಿಯಾಗಿ ಕಲೀಬಾರ್ದು ಮೇಡಂ. ಒಂದು ಅಲ್ಲಾಡಿದ್ರೆ ಇನ್ನೇನೇನು ಅಲ್ಲಾಡ್ತದೆ ಅಂತ ನೋಡ್ಬೇಕು. ಇದಕ್ಕೆ ವ್ಯವಸ್ಥಾ ಚಿಂತನೆ ಅಂತಾರೆ," ಎಂದರು.

"ನೋಡಲಿ. ಮಾರ್ಕ್ಸ್ ಹೆಂಗ್ ಹಾಕ್ತೀರಿ?" ಎಂದೆ.

ನೇರ ಬಾಣಕ್ಕೆ ಒಂದು, ಕವಲೊಡೆದರೆ ಎರಡು, ಹೊರಟಲ್ಲಿಗೇ ಸುತ್ತಿ ಬಂದರೆ ಮೂರು. ನನಗೆ ಅಲ್ಲೇ ಅನುಮಾನ ಬಂತು. ಸುತ್ತಿ ಬಂದರೆ ಅಂಕ ಎಂದು ಗೊತ್ತಾದ ಮೇಲೆ ನಮ್ಮ ಮಕ್ಕಳು ಯಾವುದನ್ನು ಸುತ್ತಿಸದೆ ಬಿಟ್ಟಾರು? "ಮಳೆ ಬಂದರೆ ಕೊಡೆ, ಕೊಡೆ ಬಂದರೆ ಮಳೆ" ಎಂದು ಒಬ್ಬ ಬರೆದೇ ಬರೆದ. ಮೇಷ್ಟ್ರು ಅದಕ್ಕೂ ಎರಡೂವರೆ ಹಾಕಿದರು.

ಕಿರು ಪರೀಕ್ಷೆಗೆ ಅವರು ಬೋರ್ಡಿನ ಮೇಲೆ ಬರೆದ ಪ್ರಶ್ನೆ: ನಂಜನಗೂಡಿಗೂ ನರಸೀಪುರಕ್ಕೂ ಇರುವ ಸಂಬಂಧವನ್ನು ಬಾಣಗಳಿಂದ ತೋರಿಸಿ. ಅವರ ಮನಸ್ಸಿನಲ್ಲಿದ್ದದ್ದು ಕಪಿಲಾ ನದಿ. ಅಲ್ಲಿ ಹರಿದ ನೀರು ಇಲ್ಲಿ ಬಂದು ಕಾವೇರಿಗೆ ಸೇರುತ್ತದೆ, ಅಲ್ಲಿ ನದಿಗೆ ಏನು ಬಿಟ್ಟರೂ ಇಲ್ಲಿನ ಗದ್ದೆಗೆ ಗೊತ್ತಾಗುತ್ತದೆ, ಹೀಗೆ. ಆದರೆ ಸಂಬಂಧ ಎಂಬ ಮಾತು ನಮ್ಮ ಕಡೆ ಶಾಲೆಯದಲ್ಲ, ಮನೆಯದು. ಹೆಣ್ಣು ಕೊಟ್ಟು ತರುವುದಕ್ಕೇ ನಾವು ಸಂಬಂಧ ಎನ್ನುವುದು. ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಸಾ, ನಮ್ ಸುಧಾನ ನಂಜನಗೂಡಿಗೆ ಕೊಡ್ತಾರಂತೆ. ಅದೇಯ ಸಂಬಂಧ," ಎಂದ. ತರಗತಿಗೆ ತರಗತಿಯೇ ನಕ್ಕಿತು. ಸುಧಾ ಪೆನ್ನು ಕೆಳಗಿಟ್ಟಳು. ಹತ್ತನೆಯ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ಖಾಲಿ ಹಾಳೆ ಕೊಟ್ಟು ಹೊರಗೆ ಹೋದಳು.

"ಉತ್ತರ ಗೊತ್ತಿರಲಿಲ್ವಾ, ಇಲ್ಲ ಕೊಬ್ಬಾ?" ಎಂದು ಆಮೇಲೆ ಕರೆದು ಕೇಳಿದೆ.

"ಗೊತ್ತು ಮಿಸ್," ಎಂದಳು. "ಪರೀಕ್ಷೆ ಮುಗುದ್ಮೇಲೆ ಮಾವಂಗೆ ನನ್ನ ಮದ್ವೆ ಮಾಡ್ಕೊಡ್ಬೇಕು ಅಂತಾವ್ರೆ. ಬ್ಯಾಡ ಅಂದ್ರೆ ಮಾವಂಗೆ ಬೇಜಾರಾಯ್ತದೆ. ಮಾವ ಬರೋದ್ ನಿಲ್ಸುದ್ರೆ ಅವ್ವಂಗೆ ತೌರಿಲ್ಲ. ಅವ್ವ ಅಳ್ತಾ ಕೂತ್ರೆ ಅಪ್ಪ ನನ್ನ ಸ್ಕೂಲ್ ಬಿಡುಸ್ತರೆ. ಸ್ಕೂಲ್ ಬಿಡ್ಸುದ್ಮೇಲೆ ಮದ್ವೆ ಮಾಡ್ದೆ ಇನ್ನೇನ್ ಮಾಡರು?"

ಹೊರಟಲ್ಲಿಗೇ ಸುತ್ತಿ ಬಂದಿತ್ತು. ಮೇಷ್ಟ್ರ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ.

ಅನುಮಾನದವರಿಗೆ ಒಬ್ಬ ತಪ್ಪಿತಸ್ಥ ಬೇಕೇ ಬೇಕು. ಮೊದಲು ನಾನು ಹಿಡಿದದ್ದು ಅವಳ ತಾಯಿ ಮಹದೇವಮ್ಮನನ್ನು. ಮೇಷ್ಟ್ರನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಸಕ್ಕರೆ ಜಾಸ್ತಿ ಹಾಕಿದ ಕಾಫಿಯನ್ನು ನಾನು ನಂಬುವುದಿಲ್ಲ. ಹುಡುಗಿಗೆ ವಯಸ್ಸಾಗಿಲ್ಲ, ಕಾನೂನು ಒಪ್ಪುವುದಿಲ್ಲ ಎಂದು ಖಾರವಾಗಿಯೇ ಹೇಳಿದೆ. "ನಂಗೇನ್ ಆಸೆಯಾ ಮೇಡಮ್ಮ, ಓದೋ ಮಗೀನ ಕಳ್ಸಕೆ? ನನ್ ತಮ್ಮಂಗೆ ಮನಸ್ಸು. ಒಡುಟ್ಟುದೋನ್ಗೆ ಎಂಗ್ ಇಲ್ಲ ಅನ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರನ್ನೂ ನಾನು ಅರ್ಧವೇ ನಂಬಿದೆ.

ಹಾಗಾದರೆ ತಪ್ಪಿತಸ್ಥ ತಮ್ಮ. ಪುಟ್ಟಸ್ವಾಮಿ ಎಂದು ಹೆಸರು, ನಂಜನಗೂಡಿನ ಪಕ್ಕ ತಾಂಡ್ಯದಲ್ಲಿ ಕಾರ್ಖಾನೆ ಕೆಲಸ. ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಾನೂ ಮೇಷ್ಟ್ರೂ ಕಾದು ನಿಂತೆವು. ನಾನು ಬೈಗುಳವನ್ನು ದಾರಿಯಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಆತ ಊಟದ ಬ್ಯಾಗು ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

"ನಾನ್ ಯಾವತ್ ಕೇಳ್ದೆ ಮೇಡಂ?" ಎಂದ. "ನಾನ್ ಎತ್ತಿ ಆಡ್ಸಿರೋ ಮಗ ಅದು. ಅಕ್ಕಂಗೆ ಆಸೆ ಅಂದ್ಕಂಡಿದ್ದಿ. ಬ್ಯಾಡ ಅಂದ್ರೆ ಅಕ್ಕ ನೊಂದ್ಕತಳೆ ಅಂತ ಬಾಯ್ ಮುಚ್ಕಂಡಿದ್ದಿ."

ಜೋಡಿಸಿಟ್ಟ ಬೈಗುಳ ನನ್ನ ಬಾಯಲ್ಲೇ ಉಳಿಯಿತು. ಮದುವೆ ಯಾರಿಗೂ ಬೇಕಿರಲಿಲ್ಲ. ಇನ್ನೊಬ್ಬರಿಗೆ ನೋವಾಗಬಾರದೆಂದು ಒಬ್ಬೊಬ್ಬರೂ ಅದನ್ನು ಮುಂದಕ್ಕೆ ತಳ್ಳುತ್ತಿದ್ದರು, ತಳ್ಳಿದ್ದೆಲ್ಲ ಹೋಗಿ ಬೀಳುತ್ತಿದ್ದದ್ದು ಆ ಹುಡುಗಿಯ ಮೇಲೆ. ಯಾರ ಮೇಲೆ ಅನುಮಾನಪಡುವುದು?

ಆ ಭಾನುವಾರವೇ ಪುಟ್ಟಸ್ವಾಮಿ ಅಕ್ಕನ ಮನೆಗೆ ಹೋಗಿ ಬಾಯಿಬಿಟ್ಟು ಹೇಳಿದ. ಮದುವೆ ನಿಂತಿತು. ಅಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ತನಗೆ ಹೇಳದ ಮಾತನ್ನು ತಮ್ಮ ಕಾರ್ಖಾನೆ ಗೇಟಿನಲ್ಲಿ ಸ್ಕೂಲಿನವರಿಗೆ ಹೇಳಿದನಲ್ಲ ಎಂದು ಮಹದೇವಮ್ಮನಿಗೆ ಅವಮಾನವಾಯಿತು. ಮಾತಿಗೆ ಮಾತು ಬೆಳೆದು ಅವನು ಬರುವುದನ್ನೇ ಬಿಟ್ಟ. ಸುಧಾ ಹೇಳಿದ್ದ ಹಾಗೇ ಒಂದೊಂದಾಗಿ ನಡೆಯುತ್ತಾ ಬಂದು, ಒಂದು ಕಡೆ ಮಾತ್ರ ತಪ್ಪಿತು. ಮಹದೇವಮ್ಮ ಅತ್ತರು, ನಿಜ. ಆದರೆ ಅಳುತ್ತಲೇ ಬೆಳಿಗ್ಗೆ ಎದ್ದು, ಗಂಡ ಗೊಣಗಿದರೂ ಬಿಡದೆ, ಬುತ್ತಿ ಕಟ್ಟಿ ಮಗಳನ್ನು ಸ್ಕೂಲಿಗೆ ಕಳಿಸಿದರು. ಅದಕ್ಕೆ ಎಷ್ಟು ಅಂಕ ಎಂದು ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಸುಧಾ ಈಗ ನಂಜನಗೂಡಿನಲ್ಲೇ ಡಿಗ್ರಿ ಓದುತ್ತಿದ್ದಾಳೆ. ಅವಳ ತಾಯಿ ಮಾತ್ರ ನನ್ನೊಂದಿಗೆ ಮಾತು ಬಿಟ್ಟರು. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು, ಅದು ನನಗೆ ನೋಯುತ್ತಿತ್ತು.

ಇವತ್ತು ಸಂಜೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಮಹದೇವಮ್ಮ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಇಬ್ಬರೂ ಬಸ್ಸುಗಳ ಬೋರ್ಡು ಓದಿದೆವು.

"ಬರೋ ಭಾನುವಾರ ನನ್ ತಮ್ಮ ಮನೆಗ್ ಬತ್ತಾವ್ನೆ ಮೇಡಮ್ಮ," ಎಂದರು.

"ಯಾಕೆ?" ಎಂಬುದು ನನ್ನ ಬಾಯಿಂದ ಹೊರಟೇಹೋಯಿತು.

ಅವರು ನನ್ನನ್ನೇ ದಿಟ್ಟಿಸಿ ನೋಡಿದರು.

"ಊಟುಕ್ಕೆ," ಎಂದರು.

ನಾನು ನಂಬಿದೆ.