ಚಿಕ್ಕಮ್ಮನ ಎದುರು ಪಾಟೀಸವಾಲು

ಕಾನೂನು ಕಾಲೇಜಿನ ಆನರ್ಸ್ ತರಗತಿಯಲ್ಲಿ ಅಣಕು ವಿಚಾರಣೆಗೆ ಬೇಕಾದ ಪ್ರಕರಣವನ್ನು ನಾವೇ ಹೊಸೆಯಬೇಕಿತ್ತು. ಅರ್ಜಿ, ಆಕ್ಷೇಪಣೆ ಎಲ್ಲವನ್ನೂ ನಾವೇ ಬರೆಯಬೇಕು. ಉಳಿದವರು ಪತ್ರಿಕೆ ತಿರುವಿ ಕೊಲೆ, ಕಳ್ಳತನ ಹುಡುಕಿದರು. ನಾನು ಹುಡುಕಲಿಲ್ಲ. ಹೂಡೆಯ ನಮ್ಮ ಮನೆಯ ಹಿತ್ತಲಲ್ಲೇ ಒಂದು ಪ್ರಕರಣ ಬೂತಾಯಿ ಮೀನು ಶುಚಿಮಾಡುತ್ತಾ ಕುಳಿತಿತ್ತು.

ಅದು ಚಿಕ್ಕಮ್ಮ, ಅಮ್ಮನ ತಂಗಿ. ಕಾಪುವಿನಿಂದ ಒಬ್ಬರೇ ದೋಣಿಯಲ್ಲಿ ಹೋದ ಚಿಕ್ಕಪ್ಪ ತಿರುಗಿ ಬರಲಿಲ್ಲ. ದೋಣಿ ಸಿಕ್ಕಿತು, ಬಲೆ ಸಿಕ್ಕಿತು, ಅವರು ಸಿಗಲಿಲ್ಲ. ಅಂದಿನಿಂದ ಚಿಕ್ಕಮ್ಮ ನಮ್ಮ ಮನೆಯಲ್ಲೇ ಇದ್ದರು. ಶವವಿಲ್ಲದೆ ಮರಣ ಪ್ರಮಾಣಪತ್ರವಿಲ್ಲ; ಅದಿಲ್ಲದೆ ಕಾಪುವಿನ ಮನೆ ಚಿಕ್ಕಮ್ಮನ ಹೆಸರಿಗಾಗುವುದಿಲ್ಲ. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತರೆಂದು ಕೋರ್ಟು ಘೋಷಿಸಬಹುದು ಎಂದು ನಾನು ಓದಿ ಹೇಳಿದಾಗ ಏಳು ತುಂಬಲು ಕೆಲವೇ ತಿಂಗಳು ಬಾಕಿ.

"ನೀನೇ ಬರೆದು ಕೊಡು ಮಗಾ. ಹೊರಗಿನವರ ಹತ್ತಿರ ಎಲ್ಲ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು ಚಿಕ್ಕಮ್ಮ.

ಕಾಲೇಜಿನ ಅರ್ಜಿ ನನಗೆ ಆ ಅರ್ಜಿಯ ಅಭ್ಯಾಸವಾಯಿತು. ಓದಿದ ಮೇಷ್ಟರು ಮೂಗು ಮುರಿದರು. "ಎಲ್ಲ ಒಂದೇ ಕಡೆಗೆ ವಾಲಿದೆಯಲ್ಲ ಮಾರಾಯ್ತಿ. ಎದುರು ವಕೀಲ ಎಂತ ಮಾಡಬೇಕು, ಹಪ್ಪಳ ತಿನ್ನುತ್ತಾ ಕೂರಬೇಕಾ?"

ಆಗ ನಾನು ಒಂದು ಸಾಲು ಸೇರಿಸಿದೆ. ಚಿಕ್ಕಪ್ಪ ಹೊರಟ ದಿನ ಇಬ್ಬರಿಗೂ ಜಗಳವಾಗಿತ್ತು. "ಹೋದರೆ ಹೋಗಿ, ತಿರುಗಿ ಈ ಮನೆಗೆ ಬರಬೇಡಿ" ಎಂದಿದ್ದರು ಚಿಕ್ಕಮ್ಮ. ಇದನ್ನು ಅವರು ಹೇಳಿದ್ದು ನನಗೊಬ್ಬಳಿಗೇ, ಅದೂ ಮೀನಿನಿಂದ ಮುಖ ಎತ್ತದೆ. ನಾನು ಹೆಸರು ಬದಲಿಸಿದೆ, ಕಾಪುವನ್ನು ಉದ್ಯಾವರ ಮಾಡಿದೆ. ಇಷ್ಟು ಸಾಕು ಅಂದುಕೊಂಡೆ.

ಪ್ರಕರಣ ಬರೆದವರು ಅದರ ಎದುರು ಪಕ್ಷಕ್ಕೆ ವಾದಿಸಬೇಕೆಂಬುದು ಮೇಷ್ಟರ ನಿಯಮ. ತನ್ನ ಕಟ್ಟಡವನ್ನು ತಾನೇ ಕೆಡವಲು ಕಲಿಯಬೇಕಂತೆ. ಹೀಗೆ ನಾನು, ನನ್ನ ತಮ್ಮ ಸತ್ತಿಲ್ಲ ಎಂದು ತಕರಾರು ತೆಗೆಯಲು ನಾನೇ ಹೊಸೆದಿದ್ದ ಅಣ್ಣನೊಬ್ಬನ ವಕೀಲೆಯಾದೆ. ಕಾರ್ಕಳದ ಗೆಳತಿ ಕಾಣೆಯಾದವನ ಹೆಂಡತಿಯಾದಳು. ಮನೆಯವರನ್ನೂ ಕರೆದಿದ್ದರು. ಅಮ್ಮನ ಜೊತೆ ಚಿಕ್ಕಮ್ಮ ಬಂದರು, ನಾನು ಅವರ ಪರ ಮಾತಾಡುತ್ತೇನೆಂದು ನಂಬಿಕೊಂಡು. ಹೇಗೂ ಇದು ಆಟವಲ್ಲವೇ ಎಂದು ನಾನೂ ಏನೂ ಹೇಳಿರಲಿಲ್ಲ.

ಮಣಿಪಾಲದ ಹಿರಿಯ ವಕೀಲರೊಬ್ಬರು ನ್ಯಾಯಾಧೀಶರ ಕುರ್ಚಿಯಲ್ಲಿದ್ದರು. ನಾನು ಪಾಟೀಸವಾಲಿಗೆ ಎದ್ದೆ.

"ತಿರುಗಿ ಈ ಮನೆಗೆ ಬರಬೇಡಿ ಎಂದು ನೀವೇ ಹೇಳಿದ್ದು ಸರಿಯಷ್ಟೆ?"

"ಕೋಪದಲ್ಲಿ ಹೇಳಿದ್ದು" ಎಂದಳು ಗೆಳತಿ.

"ಹಾಗಾದರೆ ಅವರು ದೋಣಿ ಬಿಟ್ಟು ಬೇರೆ ಊರು ಸೇರಿ ನಿಮ್ಮ ಮಾತನ್ನೇ ನಡೆಸಿಕೊಟ್ಟಿರಬಹುದಲ್ಲವೇ?"

ಸಭೆ ನಕ್ಕಿತು. ಅಮ್ಮ ಚಪ್ಪಾಳೆ ತಟ್ಟಿದಳು. ಚಿಕ್ಕಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಕಟಕಟೆಯಲ್ಲಿದ್ದ ಗೆಳತಿಯನ್ನೇ ನೋಡುತ್ತಿದ್ದರು, ಅವಳು ಇನ್ನೇನಾದರೂ ಹೇಳುತ್ತಾಳೆಂದು ಕಾಯುವವರ ಹಾಗೆ. ಅವಳು ಕಟಕಟೆಯಿಂದ ಇಳಿದುಬಿಟ್ಟಳು. ನಾನು ಗೆದ್ದೆ.

ಬಸ್ಸಿನಲ್ಲಿ ಚಿಕ್ಕಮ್ಮ ಮೆಲ್ಲನೆ ಕೇಳಿದರು, "ಹಾಗೂ ಇರಬಹುದು, ಅಲ್ವಾ?"

"ಅಯ್ಯೋ ಚಿಕ್ಕಮ್ಮ, ಅದು ಮಾರ್ಕಿಗೆ ಕೇಳಿದ್ದು. ಎದುರು ಪಕ್ಷದವರು ಹಾಗೆ ಕೇಳಲೇಬೇಕು."

"ಎದುರು ಪಕ್ಷದಲ್ಲಿ ಇದ್ದದ್ದು ನೀನೇ ಅಲ್ವಾ? ಮನಸ್ಸಿಗೆ ತೋರದೆ ಬಾಯಿಗೆ ಬರುತ್ತದಾ?"

ಏಳು ವರ್ಷ ತುಂಬಿದ ಮೇಲೆ ನಿಜವಾದ ಅರ್ಜಿ ಬರೆದೆ. ಆ ಸಾಲನ್ನು ಬಿಟ್ಟಿದ್ದೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು.

"ಬರಬೇಡಿ ಅಂದದ್ದು ಇದರಲ್ಲಿ ಇಲ್ಲ."

"ಅದು ಬೇಡ ಚಿಕ್ಕಮ್ಮ."

"ಬರಬೇಡಿ ಅಂದದ್ದು ನಾನು. ಅದಕ್ಕೇ ಬಾರದೆ ಇರುವವರನ್ನು ಸತ್ತರು ಅಂತ ನಾನೇ ಹೇಗೆ ಸೈನ್ ಹಾಕಲಿ?"

ಆ ದಿನದ ಗಾಳಿ, ಕಡಲಿನ ಸೆಳೆತ, ಮಗುಚಿ ಸಿಕ್ಕ ದೋಣಿ, ಒಂದೊಂದನ್ನೂ ಹೇಳಿ ನೋಡಿದೆ. ಪ್ರತಿಯೊಂದಕ್ಕೂ ಅವರಲ್ಲಿ ಉತ್ತರವಿತ್ತು. ಎಲ್ಲವೂ ಆ ಸಭಾಂಗಣದಲ್ಲಿ ನಾನು ಹೂಡಿದ ವಾದಗಳೇ.

ನಾನೀಗ ಉಡುಪಿಯಲ್ಲಿ ವಕೀಲೆ. ಕಾಪುವಿನ ಮನೆ ಇನ್ನೂ ಚಿಕ್ಕಪ್ಪನ ಹೆಸರಿನಲ್ಲೇ ಇದೆ. ಚಿಕ್ಕಮ್ಮ ತಿಂಗಳಿಗೊಮ್ಮೆ ಹೋಗಿ ಗುಡಿಸಿ ಬರುತ್ತಾರೆ. ಮೊದಲೆಲ್ಲ ಬೀಗದ ಕೈ ಜೊತೆಗೇ ತರುತ್ತಿದ್ದರು. ಈಗ ಪಕ್ಕದ ಮನೆಯಲ್ಲಿ ಕೊಟ್ಟು ಬರುತ್ತಾರೆ. ಚಿಕ್ಕಪ್ಪ ಬಂದರೆ ಹೊರಗೆ ನಿಲ್ಲಬಾರದಂತೆ.